ಕಹಳೆಯವನ ಪಾಳಿ

ವಾದ್ಯವೃಂದದಲ್ಲಿ ಕಹಳೆಯವನಿಗೆ ಎರಡು ಕೆಲಸ. ಒಂದು ಊದುವುದು, ಇನ್ನೊಂದು ಊದದೆ ನಿಲ್ಲುವುದು. ಹತ್ತು ನಿಮಿಷದ ಕಾರ್ಯಕ್ರಮದಲ್ಲಿ ಮೊದಲನೆಯದಕ್ಕೆ ಅರ್ಧ ನಿಮಿಷ ಸಿಕ್ಕರೆ ಹೆಚ್ಚು. ಉಳಿದದ್ದೆಲ್ಲ ಎರಡನೆಯದೇ. ಚಪ್ಪಾಳೆ ಬೀಳುವುದು ಊದಿದ್ದಕ್ಕೆ, ಬೆವರು ಇಳಿಯುವುದು ಮಾತ್ರ ನಿಂತದ್ದಕ್ಕೆ. ಈ ಸತ್ಯವನ್ನು ಮೊನ್ನೆ ಮನೆಯಲ್ಲಿ ಘೋಷಿಸಿದೆ. "ಸಂತ್ಯಾಗ ಕಾಯಿಪಲ್ಲೆ ತರಾಕ ಹೋದಾಗೂ ನೀವು ಹಂಗ ನಿಂತಿರ್ತೀರಿ. ಅಲ್ಲಿ ಬೆವರು ಬಂದದ್ದು ನಾ ಕಂಡಿಲ್ಲ" ಎಂದಳು ಹೆಂಡತಿ.

ಅವಳಿಗೆ ಹೇಗೆ ತಿಳಿಸುವುದೆಂದು ಯೋಚಿಸುತ್ತಿದ್ದಾಗ ಮದುವೆಮನೆಯ ಅಂತರಪಟ ಹಿಡಿಯುವವರು ನೆನಪಾದರು. ಕಹಳೆಯವನೂ ಅವರೂ ಒಂದೇ ಜಾತಿ. ಮಂಗಳಾಷ್ಟಕ ಎಷ್ಟೇ ಉದ್ದವಾಗಲಿ, ಹೆಣ್ಣಿನ ಕಡೆಯವರು ಒಂದು, ಗಂಡಿನ ಕಡೆಯವರು ಒಂದು ಎಂದು ಹೆಚ್ಚಿಗೆ ಎಷ್ಟೇ ಸೇರಿಸಲಿ, ತೋಳು ಸೋತರೂ ಬಟ್ಟೆ ಕೆಳಗೆ ಬಿಡುವ ಹಾಗಿಲ್ಲ. ಇಳಿಸಬೇಕಾದ ಗಳಿಗೆ ಒಂದೇ. ಸ್ವಲ್ಪ ಮುಂಚೆ ಇಳಿದರೆ ಭಟ್ಟರು ಕಣ್ಣು ಬಿಡುತ್ತಾರೆ, ತಡವಾದರೆ ಫೋಟೋದವನು ಒದರುತ್ತಾನೆ. ಸರಿಯಾಗಿ ಇಳಿಸಿದಿರೋ, ಯಾರೂ ನಿಮ್ಮನ್ನು ನೋಡಿರುವುದೇ ಇಲ್ಲ. ಮದುವೆಯ ಆಲ್ಬಮ್ಮಿನಲ್ಲಿ ಅವರದು ಬರೀ ಕೈ ಬಂದಿರುತ್ತದೆ. ನಮ್ಮ ವಾದ್ಯವೃಂದದ ಫೋಟೋದಲ್ಲಿ ನನ್ನದು ಕಹಳೆಯ ಬಾಯಿ ಮಾತ್ರ ಬಂದಿದೆ, ಅದರ ಹಿಂದೆ ಒಂದು ಕಿವಿ.

ನಾನು ಕಹಳೆಯವನಾದದ್ದಕ್ಕೆ ಸಂಗೀತ ಕಾರಣವಲ್ಲ, ಎತ್ತರ ಕಾರಣ. ವಿಶ್ವವಿದ್ಯಾಲಯಗಳ ಯುವಜನೋತ್ಸವಗಳಲ್ಲಿ ಜನಪದ ವಾದ್ಯವೃಂದ ಎಂಬುದೊಂದು ಸ್ಪರ್ಧೆ ಇರುತ್ತದೆ. ಹಾಡುವವರಿಲ್ಲ, ಕುಣಿಯುವವರಿಲ್ಲ, ಬರೀ ನಮ್ಮ ನೆಲದ ವಾದ್ಯಗಳು. ವೇದಿಕೆಯಲ್ಲಿ ಸಿಗುವ ಸಮಯವನ್ನು ಗಡಿಯಾರ ಹಿಡಿದು ಅಳೆಯುತ್ತಾರೆ. ನಮ್ಮ ವಿಶ್ವವಿದ್ಯಾಲಯದ ತಂಡಕ್ಕೆ ಹುಡುಗರನ್ನು ಆರಿಸುತ್ತಾರೆಂದು ಗೊತ್ತಾಗಿ, ಏಕತಾರಿ ನುಡಿಸುತ್ತಾ ತತ್ವಪದ ಹೇಳಬಲ್ಲೆನೆಂಬ ಭರವಸೆಯಿಂದ ನಾನೂ ಹೋದೆ. ತಂಡ ಕಟ್ಟುತ್ತಿದ್ದ ಮಾಸ್ತರು ಕಣ್ಣು ಮುಚ್ಚಿ ಕೇಳಿದರು. ಪದ ಮುಗಿಯಿತು, ಕಣ್ಣು ತೆರೆಯಲಿಲ್ಲ. ಎದ್ದು ಹೋಗಲೋ ಇನ್ನೊಂದು ಚರಣ ಹೇಳಲೋ ಎಂದು ನಾನು ಒದ್ದಾಡುತ್ತಿರುವಾಗ ಅರ್ಧ ಕಣ್ಣು ತೆರೆದು, "ಎತ್ತರ ಎಷ್ಟು ನಿಂದು?" ಎಂದರು. ಹೇಳಿದೆ. "ಹಂಗಾರ ಕಹಳಿ ಹಿಡಿ. ಉಳಿದವರು ಹಿಡಿದ್ರ ನೆಲಕ್ಕ ಬಡೀತದ."

ಕಹಳೆ ಹೊರಬಂದದ್ದು ಒಂದು ಕೋಣೆಯಿಂದ. ಅಲ್ಲಿ ಮುರಿದ ಬೆಂಚು, ಹಳೆಯ ಉತ್ತರ ಪತ್ರಿಕೆಗಳ ಗಂಟು, ಯಾವುದೋ ನಾಟಕದ ಗದೆ ಎಲ್ಲ ಇದ್ದವು. ತಾಮ್ರದ ಎರಡು ಬಾಗಿದ ತುಂಡುಗಳು. ಎರಡನ್ನೂ ಒಂದೇ ದಿಕ್ಕಿಗೆ ಕೂಡಿಸಿದರೆ ಅರ್ಧಚಂದ್ರ, ಎದುರುಬದರು ಕೂಡಿಸಿದರೆ ಹೆಡೆ ಎತ್ತಿದ ಹಾವು. ಹೇಗೆ ಕೂಡಿಸಿದರೂ ದನಿ ಅದೇ. ಬಾಗು ಬರೀ ಕಣ್ಣಿಗೆ, ಕಿವಿಗೆ ಬೇಕಾದದ್ದು ಒಟ್ಟು ಉದ್ದ. ಕೊಳಲಿಗೆ ತೂತಿವೆ, ಸನಾದಿಗೆ ತೂತಿವೆ. ಇದಕ್ಕೆ ಒಂದು ಈ ತುದಿಗೆ, ಒಂದು ಆ ತುದಿಗೆ. ಬೆರಳಿಗೆ ಏನೇನೂ ಕೆಲಸವಿಲ್ಲ ಎಂದು ನನಗೆ ಆನಂದವಾಯಿತು. ಕಲಿಯುವುದು ಕಡಿಮೆ ಇರುವ ವಾದ್ಯವನ್ನೇ ಶಿವ ಕೊಟ್ಟ ಎಂದುಕೊಂಡೆ.

ಆ ಆನಂದ ಸಂಜೆಯವರೆಗೆ ಇತ್ತು. ಬೆರಳು ಮಾಡಬೇಕಾದ ಕೆಲಸವನ್ನೆಲ್ಲ ಇಲ್ಲಿ ತುಟಿಯೇ ಮಾಡಬೇಕು. ಬರೀ ಗಾಳಿ ಊದಿದರೆ ಗಾಳಿಯೇ ಹೊರಬರುತ್ತದೆ. ತುಟಿಗಳನ್ನು ಬಿಗಿಹಿಡಿದು ಅವು ನಡುಗುವಂತೆ ಊದಬೇಕು. ಆ ನಡುಕವನ್ನು ಕೊಳವೆ ಹಿಡಿದು ದೊಡ್ಡದು ಮಾಡುತ್ತದೆ. ತುಟಿ ಬಿಗಿದಷ್ಟೂ ಸ್ವರ ಮೇಲಕ್ಕೆ. ಆದರೆ ಕೇಳಿದ ಸ್ವರವನ್ನೆಲ್ಲ ಕೊಡುವ ಔದಾರ್ಯ ಕೊಳವೆಗಿಲ್ಲ. ಷಡ್ಜ ಕೊಡುತ್ತದೆ, ಅದರ ಮೇಲೆ ಪಂಚಮ, ಆಮೇಲೆ ತಾರ ಷಡ್ಜ, ಇನ್ನೂ ಬಿಗಿದರೆ ಗಂಧಾರ, ಮತ್ತೆ ಪಂಚಮ. ಅದರ ಮೇಲೊಂದು ನಿಷಾದ ಇದೆ. ಕೋಮಲವೆಂದರೆ ಕೋಮಲಕ್ಕಿಂತ ತುಸು ಕೆಳಗಿನದು, ಯಾವ ಹಾರ್ಮೋನಿಯಮ್ಮಿನ ಮನೆಗೂ ಸೇರದ ಸ್ವರ. ನಡುವಿನ ರಿಷಭ ಮಧ್ಯಮಗಳು ಬೇಕೆಂದು ಹಟ ಮಾಡಿದರೆ ಮುಖ ಕೆಂಪಾಗುತ್ತದೆ, ಅಷ್ಟೆ. ನನಗೆ ಮೊದಲ ವಾರ ಸಿಕ್ಕದ್ದು ಷಡ್ಜವೊಂದೇ. ಅದೂ ಷಡ್ಜವೆಂದು ಗುರುತು ಹಿಡಿದವರು ಮಾಸ್ತರು. ಹಾಸ್ಟೆಲ್ಲಿನ ಹಿಂದೆ ಕಟ್ಟಿದ್ದ ಎಮ್ಮೆ ಅದಕ್ಕೆ ಬೇರೆ ಅರ್ಥ ಮಾಡಿಕೊಂಡು ರಾತ್ರಿಯೆಲ್ಲ ಉತ್ತರ ಕೊಡುತ್ತಿತ್ತು.

ಹಾಸ್ಟೆಲ್ಲಿನ ಗೆಳೆಯರು ಒಳ್ಳೆಯವರು. ಬಾಯಿಮಾತಿನಲ್ಲಿ ಹೇಳಿ ನೋಡಿದರು. ಆಮೇಲೆ ಕಹಳೆಗೆ 'ಕುಂಭಕರ್ಣ' ಎಂದು ಹೆಸರಿಟ್ಟು ಅದರ ಬಾಯಿಗೆ ಒಂದು ದಿಂಬು ತುರುಕಿದರು. ಹೆಸರಿನ ಹಿಂದೆ ಒಂದಿಷ್ಟು ಸ್ಥಳಪುರಾಣವೂ ಇತ್ತು. ನಾವು ತಾಲೀಮು ಮಾಡುತ್ತಿದ್ದದ್ದು ವಿಜಯಪುರದಿಂದ ಐದಾರು ಕಿಲೋಮೀಟರ್ ದೂರದ ತೊರವಿಯಲ್ಲಿ. ತೊರವೆ ರಾಮಾಯಣ ಬರೆದ ಕುಮಾರ ವಾಲ್ಮೀಕಿ ಅಲ್ಲಿಯವನು, ಅಲ್ಲಿಯ ನರಸಿಂಹನ ಭಕ್ತ. ರಾಮಾಯಣವೆಂದ ಮೇಲೆ ಕುಂಭಕರ್ಣ ಬರಲೇಬೇಕು. ಅವನನ್ನು ಎಬ್ಬಿಸಲು ಶಂಖ, ಭೇರಿ, ಕಹಳೆ ಎಲ್ಲ ತರಿಸಿದರೂ ಏಳಲಿಲ್ಲವಂತೆ. "ನಿನ್ನ ಕರಕೊಂಡು ಹೋಗಿದ್ರ ಎದ್ದು ಬಂದು ಒದೀತಿದ್ದ" ಎಂದು ಪಕ್ಕದ ಖೋಲಿಯವನು ಹೇಳಿದ. ಇನ್ನು ಹಾಸ್ಟೆಲ್ಲಿನಲ್ಲಿ ಊದುವುದು ಕ್ಷೇಮವಲ್ಲ ಎಂದು ನನಗೂ ಅನ್ನಿಸಿತು. ಶನಿವಾರ ಬಂದರೆ ತಿಕೋಟಾಕ್ಕೆ, ಸೋದರಮಾವನ ತೋಟಕ್ಕೆ ಹೋಗತೊಡಗಿದೆ.

ತಿಕೋಟಾ ಸೀಮೆಯನ್ನು ನೋಡದವರಿಗೆ ಒಂದು ಮಾತು. ಅಥಣಿ ರಸ್ತೆ ಹಿಡಿದು ಹೊರಟರೆ ಎರಡೂ ಕಡೆ ಒಣ ನೆಲ, ಮಡ್ಡಿ, ಕಲ್ಲು. ನಡುವೆ ಇದ್ದಕ್ಕಿದ್ದ ಹಾಗೆ ಹಸಿರು ಚಪ್ಪರ. ಅದೇ ದ್ರಾಕ್ಷಿ. ಥಾಮ್ಸನ್, ಸೋನಾಕಾ, ಮಾಣಿಕ್ ಚಮನ್ ಎಂದು ಜಾತಿಗಳ ಹೆಸರು ಹೇಳುವಾಗ ಅಲ್ಲಿಯ ರೈತರ ದನಿ ಮೆತ್ತಗಾಗುತ್ತದೆ, ಮಕ್ಕಳ ಹೆಸರು ಹೇಳುವಾಗ ಅಷ್ಟು ಆಗುವುದಿಲ್ಲ. ಬರ ಬಿದ್ದ ವರ್ಷಗಳಲ್ಲಿ ಟ್ಯಾಂಕರಿನಿಂದ ನೀರು ತಂದು ಬುಡಕ್ಕೆ ಹನಿಸಿ ಬಳ್ಳಿ ಉಳಿಸಿಕೊಂಡವರು ಅವರು. ಅಕ್ಟೋಬರದಲ್ಲಿ ಬಳ್ಳಿ ಸವರಿದರೆ ಸಂಕ್ರಾಂತಿಯ ಆಸುಪಾಸಿಗೆ ಕಾಯಿ ಮೆದುವಾಗಿ ರಸ ತುಂಬತೊಡಗುತ್ತದೆ. ಆ ಸುದ್ದಿ ರೈತನಿಗಿಂತ ಮುಂಚೆ ಗಿಳಿಗಳಿಗೆ ತಲುಪಿರುತ್ತದೆ.

ಇಂಥ ಹೊತ್ತಿನಲ್ಲಿ ಸೋದರಳಿಯ ಒಬ್ಬ ತಾನಾಗಿಯೇ ಬಂದು ತೋಟದಲ್ಲಿ ನಿಂತು ಕಹಳೆ ಊದುತ್ತೇನೆಂದರೆ ಯಾವ ಮಾವ ಬೇಡವೆಂದಾನು? "ಊದು ಮಗನ, ಜೋರ ಊದು" ಎಂದು ಮಾಮಾ ಹುರುಪು ತುಂಬಿದ. "ಆ ಬಡಗಣ ಮೂಲ್ಯಾಗ ಗಿಳಿ ಭಾಳ ಅದಾವ, ಅಲ್ಲಿ ಹೋಗಿ ಕಲಿ." ಡಬ್ಬಿ ಬಡಿಯುವ ಆಳಿಗೆ ಶನಿವಾರ ರವಿವಾರ ರಜೆ ಕೊಟ್ಟ. ಮೊದಮೊದಲು ಗಿಳಿಗಳು ಹಾರಿಹೋದವು. ಆಮೇಲೆ ಈ ದನಿಯ ಹಿಂದೆ ಕಲ್ಲೂ ಇಲ್ಲ ಕವಣೆಯೂ ಇಲ್ಲ ಎಂದು ತಿಳಿದುಕೊಂಡು, ಚಪ್ಪರದ ತಂತಿಯ ಮೇಲೆ ಸಾಲಾಗಿ ಕೂತು, ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗಲೆಲ್ಲ ಒಂದೊಂದು ಹಣ್ಣು ತಿನ್ನತೊಡಗಿದವು. ಮಾಮಾ ಮಾತ್ರ ನಂಬಿಕೆ ಬಿಡಲಿಲ್ಲ. "ಇನ್ನೂ ಮ್ಯಾಲಿನ ಸ್ವರ ಬರೂದಿಲ್ಲೇನು?" ಎಂದು ಕೇಳುತ್ತಿದ್ದ. ಸಂಗೀತದ ಪ್ರೀತಿಯಿಂದ ಕೇಳಿದ್ದಲ್ಲ.

ಕೆಲವು ವಾರ ಕಹಳೆಯನ್ನು ಹೊರಗೆ ಒಯ್ಯಲು ಬಿಡುತ್ತಿರಲಿಲ್ಲ. ಅದಕ್ಕೆ ರಜಿಸ್ಟರು, ಸಹಿ, ಸಾಹೇಬರು ಎಂಬ ಮೂರು ಬಾಗಿಲು. ಆಗ ಮಾಮಾನೇ ನೀರು ಬಿಡುವ ಪೈಪಿನ ಒಂದು ತುಂಡು ಕೊಯ್ದು, ತುದಿಗೆ ಔಷಧ ಸುರುವುವ ಲಾಳಿಕೆ ಸಿಕ್ಕಿಸಿ ಕೊಟ್ಟ. ಊದಿದೆ. ಷಡ್ಜ ಬಂತು! ಪಂಚಮವೂ ಬಂತು. ತಾಮ್ರಕ್ಕೂ ಪ್ಲಾಸ್ಟಿಕ್ಕಿಗೂ ಇಷ್ಟೇ ವ್ಯತ್ಯಾಸವೇ ಎಂದು ತಾಮ್ರದ ಮೇಲಿನ ಭಕ್ತಿ ತುಸು ಇಳಿಯಿತು.

ಇದನ್ನು ಬಹಳ ದಿನ ಯಾರಿಗೂ ಹೇಳಿರಲಿಲ್ಲ. ಹೇಳುವ ಧೈರ್ಯ ಬಂದದ್ದು ಎಷ್ಟೋ ವರ್ಷದ ಮೇಲೆ ಡೆನಿಸ್ ಬ್ರೇನ್ ಎಂಬ ಇಂಗ್ಲಿಷ್ ಹಾರ್ನ್ ವಾದಕನ ವಿಷಯ ಓದಿದಾಗ. ಹಾರ್ನ್ ಅಂದರೆ ಪಾಶ್ಚಾತ್ಯ ವಾದ್ಯವೃಂದದ ಕಹಳೆ. ಸುರುಳಿ ಸುತ್ತಿದ ಅದರ ಕೊಳವೆಯನ್ನು ಬಿಚ್ಚಿ ಚಾಚಿದರೆ ಸುಮಾರು ಹನ್ನೆರಡು ಅಡಿ. ಅಷ್ಟು ಉದ್ದವಾದ್ದರಿಂದ ಮೇಲಿನ ಸ್ವರಗಳು ಒಂದಕ್ಕೊಂದು ಒತ್ತಿಕೊಂಡು ಕೂತಿರುತ್ತವೆ. ತುಟಿ ಕೂದಲೆಳೆ ಜಾರಿದರೂ ಪಕ್ಕದ ಮನೆಯ ಬಾಗಿಲು ತಟ್ಟಿದ ಹಾಗೆಯೇ. ಇಡೀ ಆರ್ಕೆಸ್ಟ್ರಾದಲ್ಲಿ ಸ್ವರ ಒಡೆಯುವ ಭಯ ಹೆಚ್ಚಿರುವುದು ಅದನ್ನು ಹಿಡಿದವರಿಗೇ. ಅದರ ಬಾಯಿ ಹಿಂದಕ್ಕೆ ತಿರುಗಿರುತ್ತದೆ, ವಾದಕ ಅದರೊಳಗೆ ಬಲಗೈ ಇಟ್ಟುಕೊಂಡು ಕೂರುತ್ತಾನೆ. ಬ್ರೇನ್ ಆ ಕಾಲದ ಅತಿ ದೊಡ್ಡ ಹಾರ್ನ್ ವಾದಕ. 1956ರಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ ನಡೆದ ಒಂದು ಹಾಸ್ಯ ಸಂಗೀತೋತ್ಸವದಲ್ಲಿ ಈತ ತೋಟಕ್ಕೆ ನೀರು ಬಿಡುವ ಪೈಪು ಹಿಡಿದು ಬಂದು, ಮೊಜಾರ್ಟನ ಅಪ್ಪ ಲಿಯೋಪೋಲ್ಡ್ ಬರೆದ ಸಂಗೀತವನ್ನು ಅದರಲ್ಲೇ ನುಡಿಸಿದ. ಮರುವರ್ಷವೇ ಕಾರು ಅಪಘಾತದಲ್ಲಿ ತೀರಿಕೊಂಡ, ಇನ್ನೂ 36 ವರ್ಷ.

ಬ್ರೇನ್ ಮೊದಲ ಹಾರ್ನ್ ವಾದಕನಾಗಿದ್ದದ್ದು ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾದಲ್ಲಿ. ಅದರ ಬೆನ್ನಿಗೆ ನಿಂತವರು ಯಾರು ಗೊತ್ತೇ? ನಮ್ಮ ಮೈಸೂರಿನ ಮಹಾರಾಜರು, ಜಯಚಾಮರಾಜ ಒಡೆಯರು. ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು ಅವರು. ರಿಚರ್ಡ್ ಸ್ಟ್ರಾಸ್ ಸಾಯುವ ಮುಂಚೆ ಬರೆದ ನಾಲ್ಕು ಗೀತೆಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಸಲ ಕೇಳಿಬಂದವು. ಆ ಕಛೇರಿಗೆ ಹಣದ ಆಸರೆ ಮೈಸೂರಿನದು. ಒಂದು ಗೀತೆಯ ಕೊನೆಯಲ್ಲಿ ಹಾಡುವವಳು ಸುಮ್ಮನಾದ ಮೇಲೆ ಹಾರ್ನ್ ಒಂದೇ ಮಾತನಾಡುತ್ತದೆ. ಸ್ಟ್ರಾಸನ ಅಪ್ಪ ಹಾರ್ನ್ ವಾದಕನಾಗಿದ್ದ. ಅಪ್ಪನ ಪಾಳಿಯನ್ನು ಮಗ ಕೊನೆಗೆ ಇಟ್ಟುಕೊಟ್ಟ ಹಾಗಿದೆ ಎಂದು ನನಗೆ ಅನಿಸುತ್ತದೆ. ತಿಕೋಟಾದ ಪೈಪಿಗೂ ಮೈಸೂರಿನ ಅರಮನೆಗೂ ಲಂಡನ್ನಿನ ಮೂಲಕ ಹೀಗೊಂದು ನಂಟಿದೆ ಎಂದು ಮಾಮಾನಿಗೆ ವಿವರಿಸಿದೆ. "ಪೈಪಿನ ರೊಕ್ಕ ಯಾರ ಕೊಡ್ತಾರ, ಮಹಾರಾಜರೋ?" ಎಂದ.

ಊದುವುದನ್ನು ನಿಜವಾಗಿ ಕಲಿಸಿದವರು ಬಬಲೇಶ್ವರದ ಒಬ್ಬ ಕಾಕಾ. ಜಾತ್ರೆ, ಪಲ್ಲಕ್ಕಿ, ಮೆರವಣಿಗೆಗಳಲ್ಲಿ ಕಹಳೆ ಹಿಡಿದೇ ತಲೆ ನರೆತವರು. ಮಾಸ್ತರೇ ನನ್ನನ್ನು ಅವರಲ್ಲಿಗೆ ಅಟ್ಟಿದ್ದರು. ಆಗಿನ್ನೂ ತಿಕೋಟಾವೂ ಬಬಲೇಶ್ವರವೂ ತಾಲೂಕುಗಳಾಗಿರಲಿಲ್ಲ. ಎರಡಕ್ಕೂ ವಿಜಯಪುರವೇ ಗತಿ, ಬಸ್ಸಿಗೂ ಗತಿ ಅದೇ. ಅತ್ತ ಅಥಣಿ ರಸ್ತೆ, ಇತ್ತ ಜಮಖಂಡಿ ರಸ್ತೆ. ಕಹಳೆಯ ಬಾಯಿ ಕಿಟಕಿಯಿಂದ ಹೊರಗೆ, ಬಾಲ ಮುಂದಿನ ಸೀಟಿನವರ ಹೆಗಲ ಮೇಲೆ. ಕಂಡಕ್ಟರು ಒಮ್ಮೆ ಲಗೇಜು ಎನ್ನುತ್ತಿದ್ದ, ಒಮ್ಮೆ ದೇವರ ಸಾಮಾನು ಇರಬಹುದೆಂದು ಕೈ ಮುಗಿದು ಬಿಡುತ್ತಿದ್ದ. ಒಂದು ದಿನ ಡ್ರೈವರೇ ತಿರುಗಿ ಕರೆದ: "ತಮ್ಮಾ, ನಮ್ಮ ಗಾಡಿ ಹಾರ್ನು ಕೆಟ್ಟೈತಿ. ನೀ ಮುಂದ ಬಂದು ಕುಂಡ್ರು." ಬಬಲೇಶ್ವರದವರೆಗೆ ಎರಡು ಕುರಿಹಿಂಡು, ಒಂದು ಕಬ್ಬಿನ ಟ್ರಾಕ್ಟರು ನನ್ನ ಊದುವಿಕೆಗೆ ದಾರಿ ಬಿಟ್ಟವು. ಎದುರಿಗಿದ್ದವರು ಕೇಳಿ ಕೂಡಲೇ ಸ್ಪಂದಿಸಿದ್ದು ಅದೇ ಮೊದಲು.

ಕಾಕಾ ನನ್ನ ಊದುವಿಕೆ ಕೇಳಿ ಬಹಳ ಹೊತ್ತು ಎಲೆ ಅಡಿಕೆ ಅಗಿದರು. "ಗಲ್ಲ ಯಾಕ ಉಬ್ಬಸ್ತಿಯೋ ತಮ್ಮಾ? ಗಲ್ಲದಾಗ ಏನೈತಿ? ಹೊಟ್ಟಿಯಿಂದ ಬರ್ಲಿ" ಎಂದರು. ನಾನು ಗಲ್ಲ ಉಬ್ಬಿಸುತ್ತಿದ್ದದ್ದು ನಮ್ಮ ತಂಡದ ಸನಾದಿ ಹುಡುಗನನ್ನು ನೋಡಿ. ಅವನದು ಬೇರೆ ವಿದ್ಯೆ. ಗಲ್ಲದಲ್ಲಿ ಗಾಳಿ ಕೂಡಿಟ್ಟುಕೊಂಡು, ಅದನ್ನು ವಾದ್ಯಕ್ಕೆ ಒತ್ತುತ್ತಲೇ ಮೂಗಿನಿಂದ ಹೊಸ ಉಸಿರು ಎಳೆಯುತ್ತಿದ್ದ. ಹೀಗಾಗಿ ಅವನ ಸ್ವರ ಕಡಿಯುವುದೇ ಇಲ್ಲ. ಅವನು ಬೀಳಗಿ ಕಡೆಯವನು. ಸನಾದಿಯವರಿಗೆ ಸಿನಿಮಾದ ಭಾಗ್ಯವೂ ಸಿಕ್ಕಿದೆ. ರಾಜಕುಮಾರರ 'ಸನಾದಿ ಅಪ್ಪಣ್ಣ' ಸಿನಿಮಾ ಬಂದದ್ದು 1977ರಲ್ಲಿ. ತೆರೆಯ ಮೇಲೆ ಸನಾದಿ ಹಿಡಿದವರು ರಾಜಕುಮಾರ್, ಉಸಿರು ಬಿಸ್ಮಿಲ್ಲಾ ಖಾನರದು. ಅಲ್ಲಿಂದೀಚೆ ಸನಾದಿಯವರಿಗೆ ಒಂದು ಗತ್ತು ಬಂದುಬಿಟ್ಟಿದೆ. ಕಹಳೆಯವರ ಮೇಲೆ ಇನ್ನೂ ಯಾರೂ ಸಿನಿಮಾ ತೆಗೆದಿಲ್ಲ. ತೆಗೆದರೂ ಎರಡು ಸ್ವರಕ್ಕೆ ಮೂರು ತಾಸು ಯಾರು ಕೂತಾರು!

ಕಾಕಾ ಹಾಕಿದ ಪಥ್ಯ ವೈದ್ಯರ ಪಥ್ಯಕ್ಕಿಂತ ಕಠಿಣ. ಊದುವ ದಿನ ಶೇಂಗಾ ಹಿಂಡಿ ಮುಟ್ಟಬಾರದು. ಖಾರ ತುಟಿ ಸುಡುತ್ತದೆ, ಹಲ್ಲಿನ ಸಂದಿಯ ನುಚ್ಚು ಕೊಳವೆಯಲ್ಲಿ ಹೋಗಿ ಕೂರುತ್ತದೆ. ವಿಜಯಪುರದವನಿಗೆ ರೊಟ್ಟಿಯ ಜೊತೆ ಹಿಂಡಿ ಬೇಡವೆನ್ನುವುದೆಂದರೆ ಊಟವೇ ಬೇಡವೆಂದ ಹಾಗೆ. ತುಟಿಯ ಕಷ್ಟ ಇನ್ನೊಂದು. ನಮ್ಮ ಕಡೆ ಚಳಿಗಾಲದ ಗಾಳಿ ಒಣ, ತುಟಿ ಒಡೆಯುತ್ತದೆ. ಅವ್ವ ಬೆಣ್ಣೆ ಸವರಿ ಕಳಿಸಿದಳು. ಬೆಣ್ಣೆ ಹಚ್ಚಿದ ತುಟಿಗೆ ಕಹಳೆ ನಿಲ್ಲದೆ ಜಾರಿ ಗದ್ದಕ್ಕೆ ಹೋಯಿತು. ಅವ್ವನಿಗೂ ಕಹಳೆಗೂ ಮೊದಲಿನಿಂದ ಆಗಿಬರುತ್ತಿರಲಿಲ್ಲ. ಊದಿ ಮುಗಿಸಿದ ಮೇಲೆ ಅದನ್ನು ತಿರುಗಿಸಿ ಬಗ್ಗಿಸಿದರೆ ನೀರು ಸುರಿಯುತ್ತದೆ. ಉಸಿರಿನ ಆವಿ ತಣ್ಣನೆಯ ತಾಮ್ರಕ್ಕೆ ತಗಲಿ ನೀರಾಗುತ್ತದೆ ಎಂದು ವಿಜ್ಞಾನ ಹೇಳಿದೆ. ಅವ್ವ ಕೇಳಿಸಿಕೊಂಡಳು, ಕೇಳಿಸಿಕೊಂಡು "ಎಂಜಲ ಅಂದ್ರ ಎಂಜಲ" ಎಂದು ಕುಂಭಕರ್ಣನನ್ನು ದನದ ಕೊಟ್ಟಿಗೆಗೆ ಸಾಗಿಸಿದಳು.

ಸಂಕ್ರಾಂತಿಯ ಸುತ್ತ ಕಾಕಾ ಸಿಗುವುದೇ ಕಷ್ಟ. ವಿಜಯಪುರದ ಸಿದ್ಧೇಶ್ವರ ಜಾತ್ರೆ ಆಗಲೇ. ನಂದಿಕೋಲಿನ ಮೆರವಣಿಗೆ, ಮದ್ದು ಸುಡುವುದು, ದನಗಳ ಸಂತೆ. ಸುತ್ತಲ ಊರುಗಳಲ್ಲಿ ಒಂದರ ಹಿಂದೊಂದು ಜಾತ್ರೆ. ಒಂದು ಸಂಜೆ ಅವರು ನನ್ನ ಸ್ಪರ್ಧೆಯ ವಿವರ ಕೇಳಿದರು. ನಾನು ಹೆಮ್ಮೆಯಿಂದ ಹೇಳಿದೆ: ಹತ್ತು ನಿಮಿಷ, ಹನ್ನೆರಡು ವಾದ್ಯ, ನಡುವೆ ಮೂರು ಕಡೆ ನನ್ನ ಪಾಳಿ.

"ಹತ್ತ ನಿಮಿಷದಾಗ ಜಾತ್ರಿ ಮುಗಿಸ್ತೀರಿ?"

"ಹೌದ್ರಿ ಕಾಕಾ."

"ದೇವರು ಗುಡಿ ಬಿಟ್ಟು ಹೊರಗ ಬರಾಕ ತಾಸು ಬೇಕಲ್ಲೋ!"

ತೊರವಿಯ ತಾಲೀಮಿನಲ್ಲಿ ಒಂದು ಬೇವಿನ ಮರದ ಕೆಳಗೆ ನಮ್ಮ ಕೂಟ. ಸನಾದಿ, ಶ್ರುತಿ, ಕರಡಿ, ಡೊಳ್ಳು, ಹಲಗೆ, ಸಂಬಾಳ, ಚೌಡಿಕೆ, ಏಕತಾರಿ, ತಾಳ, ಜಾಗಟೆ, ಗೆಜ್ಜೆ, ಕೊನೆಯಲ್ಲಿ ಕುಂಭಕರ್ಣ. ಈಗ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಇರುವುದು ಇದೇ ತೊರವಿಯಲ್ಲಿ. ಊರಿನ ಸುತ್ತ ಬಿದ್ದಿರುವ ಹಳೆಯ ಗೋಡೆಗಳು ನೌರಸಪುರದವು. ಎರಡನೆಯ ಇಬ್ರಾಹಿಂ ಆದಿಲ್ ಶಾ 1599ರಲ್ಲಿ ಕಟ್ಟಲು ಹಿಡಿದ ಪಟ್ಟಣ ಅದು. ಜನ ಅವನನ್ನು ಜಗದ್ಗುರು ಎನ್ನುತ್ತಿದ್ದರು. ಸರಸ್ವತಿ ಗಣಪತಿಯರನ್ನು ನೆನೆದು ರಾಗಕ್ಕೊಂದು ಪದ ಕಟ್ಟಿ 'ಕಿತಾಬ್-ಎ-ನೌರಸ್' ಮಾಡಿದ ಅರಸ. ತನ್ನ ತಂಬೂರಿಗೆ ಮೋತಿ ಖಾನ್ ಎಂದು ಹೆಸರಿಟ್ಟು ಅದನ್ನೂ ಪದಗಳಲ್ಲಿ ತಂದವನು. ನಾವು ಕಹಳೆಗೆ ಹೆಸರಿಟ್ಟದ್ದು ಪುಂಡಾಟವಲ್ಲ, ಸ್ಥಳದ ಸಂಪ್ರದಾಯ ಎಂದು ನಾನು ವಾದಿಸುವುದು ಇದರ ಬಲದ ಮೇಲೆ. ಪಟ್ಟಣ ಪೂರ್ತಿಯಾಗುವ ಮೊದಲೇ 1624ರಲ್ಲಿ ಮಲಿಕ್ ಅಂಬರನ ದಂಡು ಬಂದು ಹಾಳುಗೆಡವಿತು. ಸಂಗೀತ ಮಹಲಿನ ಕಮಾನುಗಳು ಇನ್ನೂ ನಿಂತಿವೆ. ನಮ್ಮ ಡೊಳ್ಳಿನವನು ಅಲ್ಲಿ ಕೂತು ಮಧ್ಯಾಹ್ನದ ಬುತ್ತಿ ಬಿಚ್ಚುತ್ತಿದ್ದ.

ಶ್ರುತಿ ಕೂಡಿಸುವುದೇ ಮುಂಜಾನೆಯ ಮೊದಲ ಜಗಳ. ತಣ್ಣಗಿನ ಗಾಳಿಯಲ್ಲಿ ದನಿ ನಿಧಾನ, ಹೀಗಾಗಿ ಚಳಿಯಲ್ಲಿ ಕಹಳೆಯ ಸ್ವರ ಇಳಿದಿರುತ್ತದೆ. ಬಿಸಿಲೇರಿ, ಊದಿ ಊದಿ ಕೊಳವೆ ಬೆಚ್ಚಗಾದರೆ ಸ್ವರವೂ ಏರುತ್ತದೆ. ಸನಾದಿಯವನು ಪೀಪಿಯನ್ನು ತುಸು ಒಳಗೆ ತಳ್ಳಿ ಹೊರಗೆಳೆದು ಹೊಂದಿಸಿಕೊಳ್ಳುತ್ತಾನೆ. ಡೊಳ್ಳಿನವನು ಹಗ್ಗ ಬಿಗಿಯುತ್ತಾನೆ, ಹಲಗೆಯವನು ಕಸಕಡ್ಡಿ ಕೂಡಿಸಿ ಬೆಂಕಿ ಹಾಕಿ ಕಾಯಿಸುತ್ತಾನೆ. ನಾನು? ಎರಡು ತುಂಡು ಕೂಡುವಲ್ಲಿ ನೂಲು ಸುತ್ತಿ ಒಂದಿಷ್ಟು ಹೊರಗೆ ಎಳೆಯಬಹುದು. ಅಷ್ಟೇ ನನ್ನ ಸ್ವಾತಂತ್ರ್ಯ. ಕೊನೆಗೆ ಎಲ್ಲರೂ ನನ್ನ ಷಡ್ಜಕ್ಕೇ ಬರಬೇಕಾಗುತ್ತಿತ್ತು. ಹಟಮಾರಿ ಮುದುಕನಿದ್ದ ಮನೆಯಲ್ಲಿ ಊಟದ ಹೊತ್ತನ್ನು ಅವನೇ ಗೊತ್ತುಮಾಡುತ್ತಾನಲ್ಲ! ತಂಡದಲ್ಲಿ ನನಗಿದ್ದ ಅಧಿಕಾರ ಅದೊಂದೇ.

ಆಮೇಲೆ ಎಣಿಕೆ. ಮೊದಲ ಪಾಳಿ ಸುಲಭ, ಆರಂಭದಲ್ಲೇ ಊದಿಬಿಡುವುದು. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಎಂಟು ಮಾತ್ರೆಯ ಮೂವತ್ತೆರಡು ಆವರ್ತನ ಬಾಯಿ ಮುಚ್ಚಿಕೊಂಡಿರಬೇಕು. ಬಲಗೈಯಲ್ಲಿ ಕಹಳೆ, ಎಡಗೈ ಹೆಬ್ಬೆರಳಿನಿಂದ ಗೆಣ್ಣು ಮುಟ್ಟುತ್ತಾ ಎಣಿಸುವುದು. ನಾಲ್ಕು ಬೆರಳು, ಮೂರು ಮೂರು ಗೆಣ್ಣು, ಹನ್ನೆರಡು. ಎರಡು ಸುತ್ತು, ಮೇಲೆ ಎಂಟು. ಲೆಕ್ಕ ಚೊಕ್ಕ. ಆದರೆ ಹದಿನೆಂಟು ಹತ್ತೊಂಬತ್ತಕ್ಕೆ ಬರುವ ಹೊತ್ತಿಗೆ, ಇವತ್ತು ಮೆಸ್ಸಿನಲ್ಲಿ ಝುಣಕ ಇದ್ದೀತೋ ಖಾರಬ್ಯಾಳಿಯೋ ಎಂಬ ಯೋಚನೆ ಬರುತ್ತಿತ್ತು. ತಿರುಗಿ ನೋಡಿದರೆ ಹೆಬ್ಬೆರಳು ಯಾವುದೋ ಗೆಣ್ಣಿನ ಮೇಲೆ ಕೂತಿದೆ. ಇದು ಮೊದಲ ಸುತ್ತೋ ಎರಡನೆಯದೋ? ಸನಾದಿಯವನ ಮುಖ ನೋಡಿದರೆ ಅವನ ಕಣ್ಣು ಮುಚ್ಚಿದೆ. ಮಾಸ್ತರ ಮುಖ ನೋಡಿದರೆ ಅವರು ನನ್ನನ್ನೇ ನೋಡುತ್ತಿದ್ದಾರೆ. ಆಗ ಇಳಿಯುವ ಬೆವರೇ ನಾನು ಮೊದಲು ಹೇಳಿದ್ದು.

ಬೆರಳೆಣಿಕೆಯ ವಿಷಯ ಕೇಳಿ ಕಾಕಾ ನಕ್ಕರು. "ಪಲ್ಲಕ್ಕಿ ಮುಂದ ಹೋಗೂವಾಗ ಯಾರೋ ಎಣಸ್ತಾರ? ಹಲಗಿ ಕೇಳು. ನಿನ್ನ ಪಾಳಿ ಬಂದದ್ದು ಹಲಗಿಯಾಂವ ಹೇಳ್ತಾನ." ಮರುದಿನ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕೇಳಿದೆ. ಹೌದು, ಅವನು ಹೇಳುತ್ತಿದ್ದ. ಕೊನೆಯ ನಾಲ್ಕು ಆವರ್ತನದಲ್ಲಿ ಹಲಗೆಯ ಬಲಗೋಲು ಒಂದು ಪೆಟ್ಟು ಹೆಚ್ಚಿಗೆ ಹಾಕುತ್ತದೆ, ಕರಡಿಯವನು ಅದಕ್ಕೆ ಹೂಂ ಎನ್ನುತ್ತಾನೆ, ಸನಾದಿ ಪಂಚಮದಲ್ಲಿ ನಿಂತು ಕಾಯುತ್ತದೆ. ಅವರೆಲ್ಲ ಸೇರಿ ದಿನವೂ ನನ್ನನ್ನು ಕರೆಯುತ್ತಲೇ ಇದ್ದರು, ನಾನು ಗೆಣ್ಣು ಎಣಿಸುತ್ತಿದ್ದೆ. ಅಂದಿನಿಂದ ಆ ಮೂವತ್ತೆರಡು ಆವರ್ತನ ನನಗೆ ಪ್ರಿಯವಾಯಿತು. ತಂಡದಲ್ಲಿ ಉಳಿದವರಿಗೆಲ್ಲ ಅವರವರ ಕೈಕೆಲಸ. ಪೂರ್ತಿ ಸಂಗೀತವನ್ನು ಪುಕ್ಕಟೆ, ಅದೂ ಒಳಗೇ ನಿಂತು ಕೇಳುವವನು ನಾನೊಬ್ಬನೇ. ಇವತ್ತಿಗೂ ಹಲಗೆಯ ಪಾಠ, ಚೌಡಿಕೆಯ ಪಾಠ, ಸನಾದಿಯ ಎಳೆಗಳು ಎಲ್ಲ ಬಾಯಿಗೆ ಬರುತ್ತವೆ. ಹೆಂಡತಿ ಎದುರು ಹಾಡಿ ತೋರಿಸಿದೆ. "ಅದರಾಗ ನಿಮ್ಮದು ಎಲ್ಲೈತಿ?" ಎಂದಳು. ಇನ್ನೂ ಬಂದಿರಲಿಲ್ಲ, ಕಾಯಬೇಕಿತ್ತು.

ಇಷ್ಟರಲ್ಲಿ ಗೋಳಗುಮ್ಮಟಕ್ಕೂ ಒಂದು ಭೇಟಿ ಕೊಟ್ಟೆವು. ವಿಜಯಪುರದಲ್ಲಿ ಇದ್ದು ದನಿಯ ವಿಷಯ ಬರೆಯುತ್ತಾ ಗುಮ್ಮಟವನ್ನು ಬಿಟ್ಟರೆ ಊರವರು ಬಿಟ್ಟಾರೆಯೇ? ಎದುರಿನ ನಗಾರಖಾನೆ, ಒಂದು ಕಾಲಕ್ಕೆ ವಾದ್ಯದವರ ಜಾಗ, ಈಗ ವಸ್ತುಸಂಗ್ರಹಾಲಯ. ವಾದ್ಯ ಒಳಗೆ ಬಿಡುವುದಿಲ್ಲವೆಂದು ಬಾಗಿಲಲ್ಲೇ ಹೇಳಿದರು. ಸರಿಯಾದದ್ದೇ. ಮೇಲಿನ ಗ್ಯಾಲರಿಯಲ್ಲಿ ಒಂದು ಪಿಸುಮಾತು ಗುಮ್ಮಟದ ಆಚೆ ಬದಿಗೆ ಹೋಗಿ ಮುಟ್ಟುತ್ತದೆ, ಒಂದು ಚಪ್ಪಾಳೆ ಏಳೆಂಟು ಸಲ ತಿರುಗಿ ಬರುತ್ತದೆ. ನಾವು ಹೋದಾಗ ಎರಡು ಸಾಲೆಯ ಮಕ್ಕಳು ಒಮ್ಮೆಲೇ ಬಂದಿದ್ದರು. ಹಲಗೆಯವನು ಎರಡೂ ಕಿವಿ ಮುಚ್ಚಿಕೊಂಡು, "ಇಲ್ಲಿ ನೀ ಊದಿದ್ರ ನಿನ್ನ ಪಾಳಿ ಮುಗಿಯೂದ ಇಲ್ಲ ನೋಡು" ಎಂದ.

ಸ್ಪರ್ಧೆ ವಿಜಯಪುರದಲ್ಲೇ ನಡೆಯಿತು. ಮಾಮಾ ತಿಕೋಟಾದಿಂದ ದ್ರಾಕ್ಷಿ ಬುಟ್ಟಿಯ ಸಮೇತ ಬಂದಿದ್ದ. ಕಾಕಾ ಧೋತರ, ಹೊಸ ಟೋಪಿ ಹಾಕಿಕೊಂಡು ಹಿಂದಿನ ಸಾಲಿನಲ್ಲಿ ಕೂತಿದ್ದರು. ಮುಂದೆ ಬನ್ನಿ ಎಂದರೆ, "ಕಹಳಿ ದೂರಿಂದ ಕೇಳಬೇಕು" ಎಂದು ಏಳಲಿಲ್ಲ. ಮೊದಲ ಪಾಳಿ ಚೆನ್ನಾಗಿ ಬಂತು. ಎರಡನೆಯದಕ್ಕೆ ಕಹಳೆ ಎತ್ತುತ್ತಿದ್ದೇನೆ, ಅಷ್ಟರಲ್ಲಿ ಮೈಕಿನವನಿಗೆ ಕರುಣೆ ಬಂತು. ಪಾಪ, ಈ ಹುಡುಗನಿಗೆ ಮೈಕೇ ಇಲ್ಲವಲ್ಲ ಎಂದು ಓಡಿಬಂದು ಒಂದು ಮೈಕನ್ನು ನೇರ ಕಹಳೆಯ ಬಾಯೊಳಗೆ ಹಿಡಿದ. ಪಂಚಮ ಹೊರಟಾಗಿತ್ತು, ತಿರುಗಿ ಕರೆಯುವಂತಿರಲಿಲ್ಲ. ಸ್ಪೀಕರುಗಳು ಒಮ್ಮೆ ಕುಂಯ್ ಎಂದು ಕಿರುಚಿ ಸುಮ್ಮನಾದವು. ತೀರ್ಪುಗಾರರಲ್ಲಿ ಒಬ್ಬರ ಕೈಯಿಂದ ಪೆನ್ನು ಬಿತ್ತು. ಜನ ಇದೂ ಕಾರ್ಯಕ್ರಮದ ಭಾಗವೆಂದು ತಿಳಿದು ಚಪ್ಪಾಳೆ ತಟ್ಟಿದರು.

ಮುಂದಿನದೆಲ್ಲ ಮೈಕಿಲ್ಲದೆಯೇ ನಡೆಯಿತು. ಡೊಳ್ಳು, ಹಲಗೆ, ಸನಾದಿಗೆ ಅದರ ಪರಿವೆಯೇ ಇಲ್ಲ. ಅವೆಲ್ಲ ಬಯಲಿನ ವಾದ್ಯ, ಕರೆಂಟು ಬರುವ ಮುಂಚಿನ ಹುಟ್ಟು. ಸೊರಗಿದ್ದು ಏಕತಾರಿಯೊಂದೇ. ಅದರ ಪಾಳಿ ಬಂದಾಗ ಬೆರಳು ಆಡಿದ್ದು ಕಾಣಿಸಿತು, ಕೇಳಿಸಲಿಲ್ಲ. ಅದನ್ನು ನುಡಿಸಿದ ಗೆಳೆಯ ಈಗ ಒಂದು ಬ್ಯಾಂಕಿನಲ್ಲಿದ್ದಾನೆ. ನಾನು ಹೋದರೆ ಇವತ್ತಿಗೂ ಪಕ್ಕದ ಕೌಂಟರಿಗೆ ಕಳಿಸುತ್ತಾನೆ. ಮೂವತ್ತೆರಡು ಆವರ್ತನ ಮುಗಿದು ಹಲಗೆ ಕರೆಯಿತು, ಸನಾದಿ ಕಾದಿತ್ತು, ನಾನು ಊದಿದೆ. ಗಂಧಾರ ಬಂತು, ಪಂಚಮ ಬಂತು, ಮಾಸ್ತರು ಬೇಡವೆಂದಿದ್ದ ಆ ಮನೆಯಿಲ್ಲದ ನಿಷಾದವೂ ಒಂದು ಗಳಿಗೆ ಇಣುಕಿ ಹೋಯಿತು. ನಮಗೆ ಮೂರನೆಯ ಬಹುಮಾನ.

"ಒಟ್ಟ ಮೂರ ಸಲ ಊದಿದಿ" ಎಂದ ಮಾಮಾ, ಎಲ್ಲರಿಗೂ ದ್ರಾಕ್ಷಿ ಹಂಚುತ್ತಾ. "ನಮ್ಮ ಗಿಳಿಗಳಿಗೆ ಇದಕ್ಕಿಂತ ಹೆಚ್ಚ ಕೇಳ್ಸೀದಿ."

ಕಾಕಾ ಬಂದು ಕಹಳೆಯನ್ನು ನನ್ನ ಕೈಯಿಂದ ತೆಗೆದುಕೊಂಡರು. ತಿರುಗಿಸಿ ನೀರು ಚೆಲ್ಲಿ, ಟೋಪಿಯ ಅಂಚಿನಿಂದ ಬಾಯಿ ಒರೆಸಿದರು. ಹೊಗಳುತ್ತಾರೆಂದು ನಿಂತೆ. "ಸೋಮವಾರ ನಮ್ಮ ಕಡಿ ಒಂದು ಪಲ್ಲಕ್ಕಿ ಐತಿ. ಇನ್ನೊಬ್ಬಂವ ಊದಾಂವ ಬೇಕಾಗ್ಯಾನ. ಹತ್ತ ನಿಮಿಷದ್ದಲ್ಲ ಮತ್ತ, ಬೆಳಕ ಹರಿಯೂತನ" ಎಂದರು.

ಹೋದೆ. ಪ್ರತಿ ಮನೆಯ ಮುಂದೆ ಪಲ್ಲಕ್ಕಿ ನಿಂತಾಗ ಊದಬೇಕು, ಎದ್ದಾಗ ಊದಬೇಕು, ಓಣಿ ತಿರುಗಿದಾಗ ಊದಬೇಕು. ಗಡಿಯಾರ ಹಿಡಿದವರು ಯಾರೂ ಇರಲಿಲ್ಲ, ನಿಂತು ಕೇಳುವ ಬಿಡುವೂ ಇರಲಿಲ್ಲ. ಕೋಳಿ ಕೂಗುವ ಹೊತ್ತಿಗೆ ನನ್ನ ತುಟಿ ಮುಖಕ್ಕಿಂತ ಮುಂದೆ ಬಂದಿತ್ತು. ಕಾಕಾ ಒಂದು ತೆಂಗಿನಕಾಯಿ, ಎಲೆ ಅಡಿಕೆ, ನೂರಾ ಒಂದು ರೂಪಾಯಿ ಕೈಗಿಟ್ಟರು. ಸಂಗೀತದಿಂದ ನಾನು ಈವರೆಗೆ ಗಳಿಸಿದ ಒಟ್ಟು ಆದಾಯ ಅದು. ಅದರಲ್ಲಿ ಬಸ್ಸಿನ ಚಾರ್ಜು ಕಳೆಯಬೇಕು, ಕಹಳೆಯ ಲಗೇಜು ಬೇರೆ. ಕಾಯಿಯನ್ನು ಅವ್ವ ಹಿಂಡಿಗೆ ಹಾಕಿದಳು. ತುಟಿ ಊದಿದ್ದರಿಂದ ನನಗೆ ತಿನ್ನಲಾಗಲಿಲ್ಲ.